ಓಬಣ್ಣನ ಟರ್ಬೊ

ಐವತ್ತು ಕುರಿ ಹೊತ್ತ ತನ್ನ ಪಿಕಪ್ಪು ಜೋಗಿಮಟ್ಟಿ ಗುಡ್ಡ ಏರುವಾಗ ಹದ್ದುಗಳೇ ದಾರಿ ಬಿಟ್ಟವೆಂದು ಓಬಣ್ಣ ಹಿರಿಯೂರಿನ ಗ್ಯಾರೇಜಿನಲ್ಲಿ ಕೂತು ಹೇಳುತ್ತಿದ್ದ. ಸ್ಕೂಟರ್ ರಿಪೇರಿಗೆ ಕಾಯುತ್ತಿದ್ದ ನಾಗಶ್ರೀ ಫೋನ್ ನೋಡುವವಳಂತೆ ನಟಿಸುತ್ತ ಕಿವಿಗೊಟ್ಟಳು. ಓಬಣ್ಣನ ಅಕ್ಕ ಗಂಗಕ್ಕನ ಮುಖ ಮಾತ್ರ ಕಾದ ಹೆಂಚಾಗಿತ್ತು.

"ಹದ್ದಿನ ಸುದ್ದಿ ಬಿಡು. ನಾಳೆ ಸಂತೆಗೆ ನನ್ನ ಕುರಿ ಹೋಗ್ಬೇಕು. ಗಾಡಿ ಯಾಕೆ ಎಳೀತಿಲ್ಲ?"

"ಟರ್ಬೊ ಕೆಟ್ಟೈತಕ್ಕ."

"ಹಂಗಂದ್ರೇನಲೇ?"

"ಕುಲುಮೆ ತಿದಿ ಇದ್ದಂಗೆ. ಇಂಜಿನ್ ಬಿಡೋ ಹೊಗೇನೇ ಒಂದು ಚಕ್ರ ತಿರುಗಿಸ್ತೈತೆ. ಅದರ ಜೊತೆ ತಿರುಗೋ ಇನ್ನೊಂದು ಚಕ್ರ ಹೊರಗಿನ ಗಾಳಿ ಎಳೆದು ಇಂಜಿನ್ನಿಗೆ ತುರುಕ್ತೈತೆ. ಗಾಳಿ ಹೆಚ್ಚಾದಷ್ಟೂ ಎಳೆತ ಹೆಚ್ಚು."

"ಇಷ್ಟೆಲ್ಲ ತಿಳಿದೋನು ಹೆಂಗೆ ಕೆಡಿಸ್ದೆ?"

"ನಾನೆಲ್ಲಿ ಕೆಡಿಸ್ದೆ? ಬಿರುಗಾಳಿ ನುಂಗಿಬಿಟ್ಟೈತಕ್ಕ, ಅರಗಿಲ್ಲ."

ಅಷ್ಟರಲ್ಲಿ ಮೆಕ್ಯಾನಿಕ್ ಬಂದು ಅಂಗೈ ಚಾಚಿದ. ಟರ್ಬೊ ಚಕ್ರಕ್ಕೆ ಸುತ್ತಿಕೊಂಡಿದ್ದ ಕರಿ ಉಣ್ಣೆ ಅದರಲ್ಲಿತ್ತು. ನಾಗಶ್ರೀ ಫೋನ್ ಕೆಳಗಿಟ್ಟಳು.

"ಇದು ನಮ್ಮ ಕುರೀದಲ್ವೇನಲೇ?" ಎಂದಳು ಗಂಗಕ್ಕ.

ಓಬಣ್ಣ ತಲೆ ಕೆರೆದುಕೊಂಡ. "ಗಾಳಿ ಫಿಲ್ಟರ್ ಹರಿದೋಗಿತ್ತು. ಧೂಳು ತಡೀಲಿ ಅಂತ ನಾನೇ ಉಣ್ಣೆ ತುಂಬಿದ್ದೆ."

"ಏಳು, ಸಂತೆಗೆ ಕುರಿ ನಡೆಸ್ಕಂಡೇ ಹೋಗಾಣ," ಎಂದು ಗಂಗಕ್ಕ ಹೊರಟಳು. "ದಾರಿಯುದ್ದಕ್ಕೂ ನೀನು ಬಾಯಿ ತೆಗೀಬಾರ್ದು."