ಡಂಗುರದವನು ಹೆಣ್ಣು ಕೇಳಿದ್ದು

ರಾಜರ ಕಾಲದ ಮಾತು. ಉಪ್ಪಿನ ಉಗ್ರಾಣದ ಮುಂದಿನ ಸಾಲಿನಲ್ಲಿ ಕುಂಬಾರಗಿತ್ತಿಯ ಹಿಂದೆಯೇ ಡಂಗುರ ಸಾರುವವನೂ, ಅರಮನೆಯ ಗ್ರಂಥಗಳನ್ನು ನಕಲು ಮಾಡುವ ಹುಡುಗಿಯೂ ನಿಂತಿದ್ದರು. ಅವನದು ಗುಡುಗು, ಅವಳದು ಪಿಸುಮಾತು. ಕುಂಬಾರಗಿತ್ತಿ ಮೈಯೆಲ್ಲ ಕಿವಿಯಾದಳು.

“ನನ್ನ ಮದುವೆ ಆಗ್ತೀಯಾ?”

“ಮೆಲ್ಲಗೆ ಮಾರಾಯ! ಕೋಟೆಯಾಚೆಗೂ ಕೇಳಿಸ್ತು.”

“ಇದು ಮೆಲ್ಲಗೇ ಕಣೇ!”

“ನಿನ್ನ ಕಟ್ಟಿಕೊಂಡ್ರೆ ಮನೆ ಗುಟ್ಟೆಲ್ಲ ಬೀದಿಗೆ ಬೀಳುತ್ತೆ.”

“ಹಾಗಾದ್ರೆ ಮಾತೇ ಬಿಟ್ಟುಬಿಡ್ತೀನಿ.”

“ಬಿಡಬೇಡ. ಮೊದಲು ಬಂದು ನಮ್ಮಪ್ಪನ ಹತ್ರ ಹೆಣ್ಣು ಕೇಳು.”

“ನೀನೇ ಒಂದು ಮಾತು ಹೇಳಿಡಬಾರದಿತ್ತಾ?”

“ಯಾವ ಕಾಲದಿಂದಲೋ ಹೇಳ್ತಾನೇ ಇದ್ದೀನಿ. ಅಪ್ಪಂಗೆ ಕಿವಿ ಮಂದ, ನನ್ನ ದನಿ ಮುಟ್ಟಲ್ಲ.”

ಉಪ್ಪು ಮರೆತು ಇಬ್ಬರೂ ಸರಸರನೆ ಬೀದಿಯ ತಿರುವು ದಾಟಿದರು. ಕುಂಬಾರಗಿತ್ತಿಗೆ ಬೆನ್ನು ಹತ್ತುವಷ್ಟು ಕುತೂಹಲವಿತ್ತು, ಆದರೂ ಸಾಲು ಬಿಡಲಿಲ್ಲ. ಅಪ್ಪನಿಗೆ ಹೇಳುವ ಮಾತು ಹೇಗೂ ಇಲ್ಲಿಗೇ ಕೇಳಿಸುತ್ತದೆ.