ತಂಡ ಬಂದ ದಿನ ಮಾತ್ರ ಓಡುವ ಮೆಷಿನ್

ವೇದಿಕೆಯ ನಟ್ಟನಡುವೆ ಆಸೀನರಾಗಿರುವ ಅಧ್ಯಕ್ಷರೇ, ನಮ್ಮ ತರಬೇತಿ ಯೋಜನೆಗೆ ಅಂಕ ಹಾಕಲು ಕಡಲು ದಾಟಿ ಬಂದಿರುವ ಮೌಲ್ಯಮಾಪನ ತಂಡದ ಹಿರಿಯರೇ, ಪ್ರಯೋಗಾಲಯದ ಸಹೋದ್ಯೋಗಿಗಳೇ, ಆಹ್ವಾನಪತ್ರಿಕೆಯಿಂದ ಗಾಳಿ ಬೀಸಿಕೊಳ್ಳುತ್ತಿರುವ ಸಭಿಕರೇ,

‘ತರಬೇತಿಯಿಂದ ನನಗಾದ ಪ್ರಯೋಜನ’ ಎಂಬ ವಿಷಯದ ಮೇಲೆ ಮಾತನಾಡಲು ನನ್ನನ್ನು ಆರಿಸಿದ್ದಾರೆ. ವಿದೇಶಕ್ಕೆ ಹೋಗಿ ಬಂದ ಉಳಿದವರೆಲ್ಲ ಬೇರೆ ಕೆಲಸ ಹುಡುಕಿಕೊಂಡದ್ದರಿಂದ ಈ ಗೌರವ ನನ್ನ ಕೊರಳಿಗೆ ಬಿದ್ದಿದೆ.

ಅಲ್ಲಿ ನಾನು ಕಲಿತದ್ದೇನು? ರಕ್ತದ ಕಾಯಿಲೆ ಯಾವ ಬಗೆಯದು ಎಂದು ಗುರುತಿಸುವ ಮೆಷಿನ್ ಓಡಿಸುವುದನ್ನು. ಇಲ್ಲಿಗೆ ಬಂದು ಕಲಿತದ್ದೇನು? ಅದೇ ಮೆಷಿನ್ನಿಗೆ ಬಟ್ಟೆ ಹೊದಿಸುವುದನ್ನು. ವಿನಯ ಬಿಟ್ಟು ಹೇಳುತ್ತೇನೆ, ಎರಡನೆಯದರಲ್ಲಿ ನನ್ನ ಕೈ ಹೆಚ್ಚು ಪಳಗಿದೆ.

ತಂಡದ ಹಿರಿಯರಿಗೆ ಇದು ಗೊತ್ತಿರಲಿಕ್ಕಿಲ್ಲ. ಮೆಷಿನ್ನಿಗೆ ಬೇಕಾದ ದ್ರಾವಣ ಬರುವುದು ನಿಮ್ಮ ದೇಶದಿಂದ. ಹೊಸ ಕಂತು ಬರುವುದು, ಯೋಜನೆ ಚೆನ್ನಾಗಿದೆ ಎಂದು ನೀವು ಬರೆದ ಮೇಲೆ. ನೀವು ಹಾಗೆ ಬರೆಯಬೇಕಾದರೆ ನೀವು ಬಂದ ದಿನ ಮೆಷಿನ್ ಓಡಬೇಕು. ಆದ್ದರಿಂದ ಅಧ್ಯಕ್ಷರು, ಅಂದರೆ ನಮ್ಮ ನಿರ್ದೇಶಕರು, ಉಳಿದ ದ್ರಾವಣವನ್ನು ಫ್ರಿಡ್ಜಿನಲ್ಲಿಟ್ಟು ಬೀಗ ಹಾಕಿದರು. “ತಂಡ ಬಂದು ಹೋಗ್ಲಿ ಕಣಯ್ಯಾ, ಆಮೇಲೆ ಊರಿಗೆಲ್ಲ ಟೆಸ್ಟ್ ಮಾಡು” ಎಂದರು. ಅವರು ಕೆಟ್ಟವರೇನಲ್ಲ. ರೋಗಿಗಳ ರಕ್ತದ ಕೊಳವೆಗಳು ಮಾತ್ರ ಪಕ್ಕದ ಫ್ರಿಡ್ಜಿನಲ್ಲಿ ಸಾಲಾಗಿ ನಿಂತು ನಿಮ್ಮ ದಾರಿ ಕಾಯುತ್ತಿದ್ದವು. ನಿಮ್ಮನ್ನು ಅಷ್ಟು ತಣ್ಣಗೆ ಕಾದವರು ಬೇರೆ ಯಾರಿದ್ದಾರೆ?

ಆ ಕೊಳವೆಗಳಲ್ಲೊಂದು ನನ್ನ ಅಕ್ಕನದು.

ಅಕ್ಕ ವಾರ್ಡಿನಿಂದ ಫೋನ್ ಮಾಡುತ್ತಿದ್ದಳು. “ಏನೋ, ನಿನ್ನ ಮೆಷಿನ್ ಇನ್ನೂ ಎದ್ದಿಲ್ವಾ? ಫಾರಿನ್ನಿಗೆ ಹೋಗಿ ಜೋಗುಳ ಹಾಡೋದು ಕಲ್ತು ಬಂದ್ಯಾ?” ಕಾಯಿಲೆಯ ಬಗೆ ತಿಳಿಯದೆ ಡಾಕ್ಟರು ಔಷಧ ಶುರು ಮಾಡುವಂತಿರಲಿಲ್ಲ. “ಇನ್ನೇನು ತಂಡ ಬಂದೇಬಿಡುತ್ತೆ ಕಣಕ್ಕಾ” ಎನ್ನುತ್ತಿದ್ದೆ. “ಬರ್ಲಿ ಬಿಡು, ನಾನಾದ್ರೂ ಎಲ್ಲಿಗೆ ಹೋಗ್ಲಿ?” ಎನ್ನುತ್ತಿದ್ದಳು.

ಬೆಳಿಗ್ಗೆ ನಿಮ್ಮೆದುರು ಪರೀಕ್ಷೆಗೆ ಇಡಬೇಕಾಗಿದ್ದದ್ದು ನನ್ನ ರಕ್ತ. ಪ್ರತಿ ಸಲವೂ ಹಾಗೆಯೇ. ಆರೋಗ್ಯವಂತನ ರಕ್ತ ಅತಿಥಿಗಳನ್ನು ಗಾಬರಿಪಡಿಸುವುದಿಲ್ಲ. ಇವತ್ತು ನಾನು ಅಕ್ಕನ ಕೊಳವೆ ಇಟ್ಟೆ. ಅಧ್ಯಕ್ಷರೇ, ದಯವಿಟ್ಟು ಕುಳಿತುಕೊಳ್ಳಿ. ಪರದೆಯ ಮೇಲೆ ಚಿತ್ರ ಮೂಡಿದಾಗ ಎಲ್ಲರೂ ಚಪ್ಪಾಳೆ ತಟ್ಟಿದಿರಿ. “ಎಷ್ಟು ಸ್ಪಷ್ಟವಾಗಿದೆ!” ಎಂದರು ತಂಡದ ಮುಖ್ಯಸ್ಥರು. ಸ್ಪಷ್ಟವಾಗಿಯೇ ಇತ್ತು. ನನಗೆ ಒಳ್ಳೆಯ ತರಬೇತಿ ಕೊಟ್ಟಿದ್ದೀರಿ, ನೋಡಿದ ಕೂಡಲೇ ಅರ್ಥವಾಯಿತು.

ರಿಪೋರ್ಟ್ ಹಿಡಿದು ವಾರ್ಡಿಗೆ ಓಡಿದೆ. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. “ಇದಕ್ಕೆ ಔಷಧ ಇದೆಯಪ್ಪಾ. ಮೊದಲೇ ಗೊತ್ತಾಗಿದ್ರೆ ಕೆಲಸ ಮಾಡ್ತಿತ್ತು” ಎಂದರು. ಅಕ್ಕನಿಗೂ ಕೇಳಿಸಿತು. ನನ್ನ ಕೋಟಿನ ಕಾಲರ್ ಸರಿಮಾಡಿ, “ಭಾಷಣ ಇದೆಯಲ್ಲ, ಹೋಗೋ” ಎಂದಳು.

ಹಾಗಾಗಿ ಬಂದಿದ್ದೇನೆ. ಯೋಜನೆಯ ಬಗ್ಗೆ ನೀವು ಏನು ಬೇಕಾದರೂ ಬರೆದುಕೊಳ್ಳಿ. ನನ್ನ ಕೆಲಸ ಹೋದರೆ ಹೋಗಲಿ. ಆದರೆ ಬಾಟಲಿಯಲ್ಲಿ ಇನ್ನೂ ಒಂದಿಷ್ಟು ದ್ರಾವಣ ಉಳಿದಿದೆ. ಬೆಳಗಿನ ಚಪ್ಪಾಳೆ ನಿಲ್ಲುವ ಮೊದಲೇ ಅದಕ್ಕೆ ಮತ್ತೆ ಬೀಗ ಬಿದ್ದಿದೆ, ಮುಂದಿನ ತಂಡಕ್ಕೆಂದು. ಪಕ್ಕದ ಫ್ರಿಡ್ಜಿನಲ್ಲಿ ಬೇರೆಯವರ ಅಕ್ಕಂದಿರು, ತಮ್ಮಂದಿರು ನಿಂತಿದ್ದಾರೆ. ಅವರಲ್ಲಿ ಕೆಲವರಿಗಾದರೂ ಇನ್ನೂ ಹೊತ್ತು ಮೀರಿಲ್ಲ. ಕೀಲಿ ಅಧ್ಯಕ್ಷರ ಜೇಬಿನಲ್ಲಿದೆ. ಅದು ಈ ಮೇಜಿನ ಮೇಲೆ ಬರುವವರೆಗೆ ನಾನು ಮೈಕು ಬಿಡುವುದಿಲ್ಲ. ನನಗೆ ಬೇಕಾದಷ್ಟು ಹೊತ್ತು ಮಾತನಾಡಲು ಬರುತ್ತದೆ, ನನ್ನನ್ನು ಬಲ್ಲವರನ್ನು ಕೇಳಿ.

ಇಟ್ಟರು. ಉಪಕಾರವಾಯಿತು ಸರ್. ತಾಳ್ಮೆಯಿಂದ ಕೇಳಿದ ಎಲ್ಲರಿಗೂ ಧನ್ಯವಾದಗಳು. ಒಂದು ಕೈಯಲ್ಲಿ ಕೀಲಿ ಇರುವುದರಿಂದ, ಕ್ಷಮಿಸಿ, ಇನ್ನೊಂದು ಕೈಯಿಂದಷ್ಟೇ ನಮಸ್ಕಾರ.