ಶರ್ಟಿನ ಬಣ್ಣ ನೆನಪಿಲ್ಲ

ಊಹಿಸು ನೋಡೋಣ, ಏನಾಯ್ತು ಅಂತ! ... ಉಹೂಂ, ಪಿಂಚಣಿ ಹೆಚ್ಚಾಗಿಲ್ಲ. ಅದಕ್ಕೆಲ್ಲ ಹೀಗೆ ಕುಣೀತಾನಾ ನಿಮ್ಮಪ್ಪ? ... ಹ್ಞಾಂ! ಅದೇ! ಬೆಕ್ಕುಗಣ್ಣ ಒಳಗೆ ಹೋದ ಕಣೋ! ಏಳು ವರ್ಷ! ಇವತ್ತು ಮಧ್ಯಾಹ್ನವೇ ತೀರ್ಪು. ನಿನ್ನ ಅಕ್ಕನ ಕೈಚೀಲ ಕಿತ್ಕೊಂಡು, ಅವಳನ್ನ ಕಲ್ಲಿನ ಮೆಟ್ಟಿಲ ಮೇಲೆ ಕೆಡವಿ ಓಡಿದನಲ್ಲ, ಅದೇ ಮಹಾನುಭಾವ!

ಯಾಕೋ ಹುಬ್ಬು ಗಂಟಿಕ್ಕಿದೆ? ... ಹೌದಪ್ಪ, ಆ ಕೇಸಲ್ಲಿ ಬಿಡುಗಡೆ ಆಗಿತ್ತು. ಪೊಲೀಸರು ಎರಡು ದಿನ ಬಡಿದು ಒಪ್ಪಿಸಿದ್ರು. ನ್ಯಾಯಾಧೀಶರು, ಹೊಡೆದು ಹೇಳಿಸಿದ ಮಾತು ಸಾಕ್ಷಿಯಲ್ಲ ಅಂದುಬಿಟ್ರು. ಕಾನೂನಿನ ಪ್ರಕಾರ ಸರಿಯೇ! ಮೂವತ್ತೆರಡು ವರ್ಷ ಅದೇ ಕೋರ್ಟಲ್ಲಿ ಸಾಕ್ಷಿಗಳ ಹೇಳಿಕೆ ಟೈಪ್ ಮಾಡಿದವನು, ನನಗೆ ಗೊತ್ತಿಲ್ವೇ? ನೂರು ಜನ ಅಪರಾಧಿಗಳು ತಪ್ಪಿಸಿಕೊಂಡರೂ ಒಬ್ಬ ನಿರಪರಾಧಿಗೆ ಶಿಕ್ಷೆ ಆಗಬಾರದು ಅಂತ, ಊಟಕ್ಕೆ ಕೂತಾಗೆಲ್ಲ ನಿಮ್ಮ ತಲೆ ತಿನ್ನುತ್ತಿದ್ದವನೂ ನಾನೇ. ಆ ನೂರರಲ್ಲೊಬ್ಬ ನನ್ನ ಮನೆಗೇ ಬರ್ತಾನೆ ಅಂತ ಯಾವನಿಗೆ ಗೊತ್ತಿತ್ತು! ಬಿಡುಗಡೆಯಾದ ದಿನ ನನ್ನ ನೋಡಿ ತಲೆ ಬಾಗಿಸಿದ... ಬಸ್ಸಲ್ಲಿ ಸೀಟು ಬಿಟ್ಟುಕೊಟ್ಟವರಿಗೆ ಬಾಗಿಸ್ತಾರಲ್ಲ, ಹಾಗೆ.

ಇದು ಬೇರೆ ಕೇಸು. ಔಷಧಿ ಅಂಗಡಿಗೆ ನುಗ್ಗಿ ಯಜಮಾನನ ತಲೆ ಒಡೆದದ್ದು. ಹಾಡಹಗಲು, ಹನ್ನೊಂದು ಗಂಟೆ. ಪೊಲೀಸರು ಇವನನ್ನ ಹಿಡಿದ್ರು, ಆದ್ರೆ ಕಂಡವರು ಒಬ್ಬರೂ ಇಲ್ಲ. ಬೆರಳಚ್ಚೂ ಇಲ್ಲ. ಆಗ ನಾನು ಹೋದೆ! ಕಟಕಟೆ ಹತ್ತಿದೆ! ಅವನ ವಕೀಲ ನನ್ನನ್ನ ಬಟ್ಟೆ ಒಗೆದ ಹಾಗೆ ಎತ್ತೆತ್ತಿ ಕುಕ್ಕಿದ. ಎಷ್ಟು ದೂರದಿಂದ ನೋಡಿದಿರಿ? ಹದಿನಾಲ್ಕು ಹೆಜ್ಜೆ. ಎಷ್ಟು ಹೊತ್ತು? ಬಾಗಿಲು ತೆಗೆದು ಮುಚ್ಚುವಷ್ಟು. ಶರ್ಟಿನ ಬಣ್ಣ? ನೆನಪಿಲ್ಲ ಸ್ವಾಮಿ, ವಯಸ್ಸಾಯ್ತು!

ಅಲ್ಲೇ ಕಣೋ ಇರೋದು ಮಜಾ! ಎಲ್ಲಾ ನೆನಪಿರೋ ಸಾಕ್ಷಿಯನ್ನ ಯಾರೂ ನಂಬಲ್ಲ. ಒಂದು ಕಡೆ ತಡವರಿಸಬೇಕು. ನಿಜ ಹೇಳೋರು ಎಲ್ಲೆಲ್ಲಿ ತಡವರಿಸ್ತಾರೆ ಅಂತ ನನಗೆ ಬಾಯಿಪಾಠ...

ಏನು? ... ಇಲ್ಲ, ಇಲ್ಲ, ಸುಮ್ಮನೆ ಮಾತಿಗೆ ಹೇಳಿದೆ.

ಶಿಕ್ಷೆ ಓದಿದಾಗ ಅವನು ಕೂಗಿಕೊಂಡ, ನಾನು ಆ ಬೀದೀಲೇ ಇರಲಿಲ್ಲ ಸ್ವಾಮಿ ಅಂತ! ನಾನು ಮೆಲ್ಲಗೆ ತಲೆ ಬಾಗಿಸಿದೆ. ಆಹಾ! ಹೊಟ್ಟೆ ತಣ್ಣಗಾಯ್ತು!

ನಗೋ! ನಿನ್ನ ಒಡಹುಟ್ಟಿದವಳು ಕಣೋ! ಹನ್ನೊಂದು ದಿನ ಕಣ್ಣು ಬಿಡದೆ ಮಲಗಿ ಹೋದವಳು... ಯಾಕೆ ಎದ್ದೆ? ಕೂತ್ಕೋ. ಗೋಡೆ ಮೇಲಿನ ಕ್ಯಾಲೆಂಡರ್‌ನಲ್ಲೇನಿದೆ? ... ಬಯ್ಯೋದಾದ್ರೆ ಬಯ್ಯಿ, ಹಾಗೆ ನೋಡಬೇಡ ನನ್ನ. ಅವನು ಅಂಗಡಿಗೆ ನುಗ್ಗಿದ್ನೋ ಇಲ್ವೋ, ನನಗೇನು ಗೊತ್ತು! ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ... ಯಾವುದಕ್ಕೆ ಉಂಡರೇನು? ... ಮಾತಾಡೋ! ನೀನು ಬಾಯಿ ಬಿಟ್ಟರೆ ಅವನು ಹೊರಗೆ, ನಾನು ಒಳಗೆ. ನಿನ್ನೊಬ್ಬನನ್ನ ಬಿಟ್ಟು ಬೇರೆ ಯಾರಿಗೂ ನೆನಪಿರಲ್ಲ...

ಸರಿ. ಹಾಳೆ ತಿರುವಬೇಡ, ನಾನೇ ಹೇಳ್ತೀನಿ. ಆ ಅಂಗಡಿಗೆ ನುಗ್ಗಿದ್ದು ನಿನಗೆ ಆಪರೇಷನ್ ಆದ ದಿನವೇ. ಬೆಳಿಗ್ಗೆ ಎಂಟರಿಂದ ಕತ್ತಲಾಗೋವರೆಗೂ ಆಸ್ಪತ್ರೆಯ ಆ ಬೆಂಚು ಬಿಟ್ಟು ನಾನು ಕದಲಿರಲಿಲ್ಲ. ಫೆಬ್ರವರಿ ಹದಿನೇಳು, ಸೋಮವಾರ.